ದೊಡ್ಡಮ್ಮನ ಬೆರಳಿನಲ್ಲಿ ದೋಷವಿಲ್ಲ, ಮೊದಲು ಸೆಟ್ಟಿಂಗ್ಸ್ ತೆರೆಯಿರಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಹೊರಗೆ ಜೋರು ಮಳೆ, ಹಿಂದೆ ಸದ್ದು ಕೇಳಿಸಬಹುದು.

ಇವತ್ತು ಒಂದು ಮಾತು ಹೇಳಲೇಬೇಕು. ಮನೆಯ ಹಿರಿಯರು ಕಂಪ್ಯೂಟರ್ ಮುಂದೆ ಸ್ವಲ್ಪ ತಡವರಿಸಿದರೆ ಸಾಕು, "ಬಿಡಿ, ನಿಮಗೆ ಆಗುವುದಿಲ್ಲ, ನಾನೇ ಮಾಡಿಕೊಡ್ತೇನೆ" ಅಂತ ನಾವು ಅವರನ್ನು ಎಬ್ಬಿಸಿಬಿಡುತ್ತೇವೆ. ಅದು ತಪ್ಪು. ಅವರ ಕೈಯನ್ನು ದೂರುವ ಮೊದಲು ಸೆಟ್ಟಿಂಗ್ಸ್ ನೋಡಬೇಕು.

ನಮ್ಮ ದೊಡ್ಡಮ್ಮ ಕುಟುಂಬಶ್ರೀ, ಅಂದರೆ ಕೇರಳದ ಮಹಿಳಾ ಸ್ವಸಹಾಯ ಗುಂಪಿನ ಘಟಕದ ಲೆಕ್ಕ ಬರೆಯುತ್ತಾರೆ. ಮೌಸ್ ಹಿಡಿದು ಹಿಡಿದು ಅವರ ಮಣಿಕಟ್ಟು ನೋಯತೊಡಗಿತು. ಅದಕ್ಕೆ ಡೆಸ್ಕ್‌ಟಾಪಿಗೆ ವೈರ್ ಇರುವ ಒಂದು ಯುಎಸ್‌ಬಿ ಟ್ರ್ಯಾಕ್‌ಪ್ಯಾಡ್ ತಂದೆವು, ಬೆರಳು ಜಾರಿಸಿ ಪರದೆಯ ಮೇಲಿನ ಬಾಣವನ್ನು ಓಡಿಸುವ ಹಲಗೆ. ಒಂದು ವಾರದೊಳಗೆ ಅದನ್ನು ಬದಿಗೆ ಸರಿಸಿದರು. "ನನ್ನ ಬೆರಳು ಇದಕ್ಕೆ ಆಗುವುದಿಲ್ಲ ಮಗಾ. ಎಂತ ಮಾಡಿದರೂ ಈ ಬಾಣ ನಿಂತಲ್ಲಿ ನಿಲ್ಲುವುದಿಲ್ಲ."

ಆ ಮಾತು ನನಗೆ ಚುಚ್ಚಿತು. ಎಷ್ಟೋ ವರ್ಷ ಚಾಲಿ ಅಡಿಕೆ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ಸುಲಿದ ಬೆರಳು ಅದು. ತುದಿ ದಪ್ಪಗಾಗಿದೆ, ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಟ್ರ್ಯಾಕ್‌ಪ್ಯಾಡ್ ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ. ಅದರ ಮೇಲ್ಮೈ ಅಡಿಯಲ್ಲಿ ತೆಳುವಾದ ವಿದ್ಯುತ್ ಗೆರೆಗಳ ಬಲೆ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ತಿನಲ್ಲಿ ಚೂರು ವ್ಯತ್ಯಾಸ ಆಗುತ್ತದೆ. ಅದರಿಂದಲೇ ಬೆರಳು ಎಲ್ಲಿದೆ ಅಂತ ಗೊತ್ತಾಗುವುದು. ಒಣಗಿದ ದಪ್ಪ ಚರ್ಮವಾದರೆ ಆ ವ್ಯತ್ಯಾಸ ಕಡಿಮೆ. ಒದ್ದೆ ಕೈಯಾದರೆ ನೀರಿನ ಹನಿಯೂ ಬೆರಳಿನ ಹಾಗೆ ಕಾಣುತ್ತದೆ, ಬಾಣ ಹಾರುತ್ತದೆ.

ಆದರೆ ನಮ್ಮಲ್ಲಿ ಇನ್ನೊಂದು ತೊಂದರೆಯೂ ಇತ್ತು. ಬೆರಳು ಅಲ್ಲಾಡಿಸದೆ ಸುಮ್ನೆ ಇಟ್ಟರೂ ಬಾಣ ನಡುಗುತ್ತಿತ್ತು. ನಾನು ಇಟ್ಟು ನೋಡಿದೆ, ನನಗೂ ಹಾಗೆಯೇ. ಆಗ ದೊಡ್ಡಮ್ಮ ಹೇಳಿದರು, "ಆ ಸಿಪಿಯು ಡಬ್ಬ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ." ಇಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ, ಅದಕ್ಕೆ ಅವರು ಹೇಳಿರಲಿಲ್ಲ.

ಅದು ಏಪ್ರಿಲ್ ತಿಂಗಳು. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ನೀರಿನ ಪಸೆ ಇರುವುದಿಲ್ಲ. ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ಗುಂಡಿ ಒಣಗಿದರೆ ಅರ್ತಿಂಗ್ ದುರ್ಬಲವಾಗುತ್ತದೆ. ಆಗ ಕಂಪ್ಯೂಟರಿನ ಪವರ್ ಸಪ್ಲೈಯಿಂದ ಸೋರುವ ಸಣ್ಣ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ, ಡಬ್ಬದಲ್ಲೇ ಉಳಿಯುತ್ತದೆ. ಯುಎಸ್‌ಬಿ ವೈರಿನ ಮೂಲಕ ಅದೇ ಗೊಂದಲ ಟ್ರ್ಯಾಕ್‌ಪ್ಯಾಡಿಗೂ ಮುಟ್ಟುತ್ತದೆ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದರು, ತುಕ್ಕು ಹಿಡಿದ ಕ್ಲಾಂಪ್ ಬದಲಾಯಿಸಿದರು, ಗುಂಡಿಗೆ ಎರಡು ಕೊಡ ನೀರು ಹೊಯ್ಯಿಸಿದರು. ಜುಮ್ ಅನ್ನುವುದು ನಿಂತಿತು. ಬಾಣದ ನಡುಕವೂ ನಿಂತಿತು! ನಿಮ್ಮಲ್ಲೂ ಡಬ್ಬ ಮುಟ್ಟಿದಾಗ ಹೀಗಾಗುತ್ತಿದ್ದರೆ ದಯವಿಟ್ಟು ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಮಾಡಿ ಚುಚ್ಚಬೇಡಿ.

ಆಮೇಲೆ ಸೆಟ್ಟಿಂಗ್ಸ್. ನಮ್ಮ ಮನೆಯಲ್ಲಿರುವುದು ಉಬುಂಟು, ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಒಂದು ವ್ಯವಸ್ಥೆ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಕಲಿಯುವುದು ಉಬುಂಟು ಮೇಲೆ ಕಟ್ಟಿದ, ಕೇರಳದ ಶಾಲೆಗಳ ಕೈಟ್ ಗ್ನೂ/ಲಿನಕ್ಸ್ ಅಲ್ವಾ, ಹಾಗಾಗಿ ಅದೇ ಅಭ್ಯಾಸ. ಮೊದಲು ಟ್ಯಾಪ್ ಟು ಕ್ಲಿಕ್ ಆಫ್ ಮಾಡಿದೆ. ಅದು ಆನ್ ಇದ್ದರೆ ಸುಮ್ಮನೆ ತಟ್ಟಿದರೂ ಕ್ಲಿಕ್ ಆಗುತ್ತದೆ. ದೊಡ್ಡಮ್ಮ ಯೋಚಿಸುವಾಗ ಬೆರಳನ್ನು ಇಟ್ಟು ತೆಗೆಯುತ್ತಾರೆ, ಅಷ್ಟಕ್ಕೇ ಲೆಕ್ಕದ ಪಟ್ಟಿಯ ಯಾವುದೋ ಚೌಕ ತೆರೆದುಕೊಳ್ಳುತ್ತಿತ್ತು. ಈಗ ಒತ್ತಿದರೆ ಮಾತ್ರ ಕ್ಲಿಕ್. ಬಾಣದ ವೇಗವನ್ನೂ ಇಳಿಸಿದೆ.

ನ್ಯಾಚುರಲ್ ಸ್ಕ್ರೋಲಿಂಗ್ ಅಂತ ಒಂದಿದೆ. 2011ರಲ್ಲಿ ಆಪಲ್‌ನವರು ಮ್ಯಾಕ್‌ನಲ್ಲಿ ಇದನ್ನೇ ಮೂಲ ಸೆಟ್ಟಿಂಗ್ ಮಾಡಿದರು. ಬೆರಳು ಮೇಲೆ ಹೋದರೆ ಪುಟವೂ ಮೇಲೆ ಹೋಗುತ್ತದೆ, ಮೇಜಿನ ಮೇಲಿನ ಕಾಗದವನ್ನು ದೂಡಿದ ಹಾಗೆ. ಮೌಸಿನ ಚಕ್ರ ತಿರುಗಿಸಿ ಅಭ್ಯಾಸ ಇರುವವರಿಗೆ ಇದು ಪೂರ್ತಿ ಉಲ್ಟಾ. ಯಾವುದು ಸರಿ ಅಂತ ಜಗಳ ಬೇಡ, ಅವರ ಕೈಗೆ ಬಂದದ್ದೇ ಸರಿ. ಅದನ್ನೂ ಆಫ್ ಮಾಡಿದೆ.

ವಿಂಡೋಸ್ 11 ಇರುವವರು ಬ್ಲೂಟೂತ್ ಆಂಡ್ ಡಿವೈಸಸ್ ಒಳಗೆ ಟಚ್‌ಪ್ಯಾಡ್ ಅಂತ ನೋಡಿ. ಅಲ್ಲಿ ಸೂಕ್ಷ್ಮತೆಗೆ 4 ಹಂತ ಇವೆ. ಅಂಗೈ ತಾಗಿ ಬಾಣ ಓಡುತ್ತಿದ್ದರೆ ಇಳಿಸಿ, ತಟ್ಟಿದ್ದು ಗೊತ್ತಾಗದಿದ್ದರೆ ಏರಿಸಿ. ಮ್ಯಾಕ್‌ನಲ್ಲಿ ಮೂರು ಬೆರಳಿನಿಂದ ಎಳೆಯುವ ಸೌಲಭ್ಯ ಇದೆ, ಒತ್ತಿ ಹಿಡಿಯಲು ಕಷ್ಟ ಪಡುವವರಿಗೆ ತುಂಬ ಉಪಕಾರ. ಆದರೆ ಅದನ್ನು ಟ್ರ್ಯಾಕ್‌ಪ್ಯಾಡ್ ಪುಟದಲ್ಲಿ ಇಟ್ಟಿಲ್ಲ, ಆಕ್ಸೆಸಿಬಿಲಿಟಿ ಒಳಗೆ ಪಾಯಿಂಟರ್ ಕಂಟ್ರೋಲ್‌ನಲ್ಲಿ ಹುಡುಕಬೇಕು. ಇಂಥದ್ದು ಜಾಸ್ತಿ ಬೇಕಾಗಿರುವವರಿಗೇ ಕಾಣದ ಹಾಗೆ ಇದೆಯಲ್ಲ, ಅದು ನನಗೆ ಬೇಸರ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಒಂದು ದಿನ ಬಳಸಲು ಬಿಡಿ. ಮತ್ತೆ, ಅವರಿಗೆ ಬೇರೆಯೇ ಲಾಗಿನ್ ಮಾಡಿಕೊಡಿ. ಇಲ್ಲದಿದ್ದರೆ ಸಂಜೆ ಮಕ್ಕಳು ಕೂತು ಎಲ್ಲವನ್ನೂ ತಮ್ಮ ಕೈಗೆ ತಕ್ಕಂತೆ ತಿರುಗಿಸಿಡುತ್ತಾರೆ.

ಈಗ ಮಳೆಗಾಲ. ದೊಡ್ಡಮ್ಮ ಟ್ರ್ಯಾಕ್‌ಪ್ಯಾಡ್ ಪಕ್ಕ ಒಂದು ಒಣ ಬೈರಾಸು ಇಟ್ಟುಕೊಂಡಿದ್ದಾರೆ. ಕೈ ಒರೆಸಿಯೇ ಲೆಕ್ಕಕ್ಕೆ ಕೂರುವುದು. ಮೊನ್ನೆ ನನ್ನನ್ನು ಕರೆದು, "ಇದರ ವೇಗ ಒಂಚೂರು ಏರಿಸಬಹುದಾ?" ಅಂತ ಕೇಳಿದರು. ಎಲ್ಲಿ ಅಂತ ತೋರಿಸಿದೆ. ಅವರೇ ಏರಿಸಿಕೊಂಡರು.