ಡ್ಯೂಟಿ ಮುಗೀತು, ತಲೆ ಮಾತ್ರ ಇನ್ನೂ ವಾರ್ಡ್‌ನಲ್ಲೇ ಇದೆ

ಕ್ಯಾಮೆರಾ ಆನ್ ಇದೆ. ಬೆಳಿಗ್ಗೆ ಎಂಟೂವರೆ, ನೈಟ್ ಡ್ಯೂಟಿ ಮುಗಿದಿದೆ. ಬಾಗಿಲ ಹತ್ತಿರ ಬಿದ್ದಿರೋ ಶೂ ಕಡೆ ನೋಡ್ಬೇಡಿ. ಈ ಹೊತ್ತಿಗೆ ಮೈ ಸೋತುಹೋಗಿರುತ್ತೆ, ತಲೆ ಮಾತ್ರ ಇನ್ನೂ ರೌಂಡ್ ಹೊಡೀತಾ ಇರುತ್ತೆ. ಆ ಡ್ರಿಪ್ ರೇಟ್ ಸರಿ ಮಾಡಿದ್ನಾ? ರೋಗಿಯ ಮೈಗೆ ಹೋದ, ಹೊರಬಂದ ದ್ರವದ ಲೆಕ್ಕ, ಅಂದ್ರೆ ಎರಡು ಗಂಟೆಯ ಇಂಟೇಕ್-ಔಟ್‌ಪುಟ್ ಬರೆದ್ನಾ? ಬೆಡ್ ರೇಲ್ ಮೇಲೆತ್ತಿದ್ನಾ? ನರ್ಸಿಂಗ್ ಓದೋರ ನಿದ್ದೆ ಕೆಡಿಸೋದರಲ್ಲಿ ಪರೀಕ್ಷೆಗಿಂತ ಈ ‘ಮಾಡಿದ್ನಾ’ಗಳದ್ದೇ ಮೇಲುಗೈ.

ಅದಕ್ಕೆ ಮದ್ದು ಹಾಸಿಗೆ ಮೇಲೆ ಸಿಗಲ್ಲ, ವಾರ್ಡ್ ಬಿಡೋ ಮುಂಚೆನೇ ಮಾಡ್ಬೇಕು. ಕೈಯಲ್ಲಿ ಕಾಣ್ತಿರೋ ಈ ಕಾರ್ಡ್‌ನಲ್ಲಿ ಐದೇ ಗೆರೆ ಇವೆ. ಕೊಟ್ಟ ಔಷಧಕ್ಕೆಲ್ಲ ಸಹಿ ಆಯ್ತಾ, ಡ್ರಿಪ್ ಮತ್ತು ಪಂಪ್ ರೇಟ್ ನೋಡಿದ್ದಾಯ್ತಾ, ರೇಲ್ ಮತ್ತು ಕಾಲ್ ಬೆಲ್, ಚಾರ್ಟ್‌ಗಳು, ಬಾಕಿ ಉಳಿದ ಕೆಲಸವನ್ನ ಹ್ಯಾಂಡೋವರ್‌ನಲ್ಲಿ ಬಾಯಿಬಿಟ್ಟು ಹೇಳಿದ್ದಾಯ್ತಾ. ಯೂನಿಫಾರ್ಮ್ ಬದಲಿಸೋ ಮುಂಚೆ, ಒಂದೊಂದನ್ನೂ ಕಣ್ಣಾರೆ ನೋಡಿದ ಮೇಲಷ್ಟೇ ಟಿಕ್. ಅಭ್ಯಾಸಬಲದಿಂದ ಟಿಕ್ ಹೊಡೆದ್ರೆ ಅದು ಮನಸ್ಸಿಗೂ ಗೊತ್ತಿರುತ್ತೆ, ರಾತ್ರಿ ಆ ಕಾರ್ಡ್ ಮಾತನ್ನ ನಂಬಲ್ಲ. ಎರಡನೇ ಸಲ ನೋಡೋಕೆ ಹೋಗೋದೂ ಬೇಡ. ಒಂದು ಸಲ ಶುರುವಾದ್ರೆ ಅದು ಐದಾಗುತ್ತೆ. ಕಾರ್ಡ್ ಮೇಲೆ ರೋಗಿಯ ಹೆಸರು, ಬೆಡ್ ನಂಬರ್, ಕಾಯಿಲೆ ಏನೂ ಬರೀಬಾರದು, ಯಾಕಂದ್ರೆ ಇದು ಮನೆಗೆ ಬರೋ ಕಾಗದ.

ಇಷ್ಟಾದ ಮೇಲೂ ನಿಜವಾದ ಅನುಮಾನ ಒಂದು ಉಳಿದಿದ್ರೆ ವಾರ್ಡ್‌ಗೆ ಫೋನ್ ಮಾಡಿ. ಅಲ್ಲಿ 24 ಗಂಟೆನೂ ಯಾರಾದ್ರೂ ಇದ್ದೇ ಇರ್ತಾರೆ. ‘ಬೈತಾರೇನೋ’ ಅಂತ ಮೂರು ಗಂಟೆ ಹೊರಳಾಡೋದಕ್ಕಿಂತ ಎರಡು ನಿಮಿಷದ ಫೋನ್ ವಾಸಿ. ಅನುಮಾನ ನಿಜವಾಗಿದ್ರಂತೂ ರೋಗಿಗೇ ಒಳ್ಳೆಯದಾಯ್ತು.

ಸರಿ, ಈಗ ಪರದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಕ್ಷಮಿಸಿ. ಹಗಲು ಮಲಗೋರಿಗೆ ದೊಡ್ಡ ಶತ್ರು ಕಿಟಕಿ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ದೃಷ್ಟಿಗಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಅಂತ ಮೆದುಳಿಗೆ ವರದಿ ಮಾಡೋ ಕೋಶಗಳಿವೆ. ಅವು ಎಲ್ಲಕ್ಕಿಂತ ಜೋರಾಗಿ ಸ್ಪಂದಿಸೋದು ನೀಲಿ ಬೆಳಕಿಗೆ, ಸುಮಾರು 480 ನ್ಯಾನೋಮೀಟರ್ ಆಸುಪಾಸು. ಬೆಳಗಿನ ಬಿಸಿಲಿನಲ್ಲಿ ಅದಕ್ಕೇನು ಬರ. ಆ ವರದಿ ಹೋಯ್ತು ಅಂದ್ರೆ ನಿದ್ದೆಗೆ ಸಿದ್ಧ ಮಾಡೋ ಮೆಲಟೋನಿನ್ ಹಾರ್ಮೋನ್ ಇಳೀತು. ಅದಕ್ಕೆ ದಪ್ಪ ಕಪ್ಪು ಪರದೆ ತರ್ತೀವಿ, ಹಾಕ್ತೀವಿ, ಮಲಗ್ತೀವಿ, ಆಮೇಲೆ ನೋಡಿದ್ರೆ... ಇಗೋ, ಶಾಟ್‌ನಲ್ಲಿ ಕಾಣ್ತಿದೆ. ಮೇಲಿನ ಕಂಬಿಯಿಂದ ಒಂದು ಬೆಳಕಿನ ಪಟ್ಟಿ, ಬಲಗಡೆಯಿಂದ ಇನ್ನೊಂದು, ಎರಡೂ ನೇರ ದಿಂಬಿನ ಮೇಲೆ. ಬಟ್ಟೆ ಎಷ್ಟು ದಪ್ಪ ಇದ್ರೂ ಬೆಳಕು ಬಟ್ಟೆ ಮೂಲಕ ಬರ್ತಾನೇ ಇಲ್ಲ, ಅಂಚಿನಿಂದ ನುಗ್ತಾ ಇದೆ. ಪರದೆ ಕಿಟಕಿಯಷ್ಟೇ ಅಗಲ ಇದ್ರೆ ಹೀಗೇ ಆಗೋದು. ಎರಡೂ ಕಡೆ, ಮೇಲೂ ಸೇರಿ, ಚೌಕಟ್ಟಿಗಿಂತ 10-15 ಸೆಂಟಿಮೀಟರ್ ಹೆಚ್ಚಿರಬೇಕು.

ಟೇಪ್ ಅಂಟಿಸಿದ್ರಾಯ್ತಲ್ಲ ಅಂತೀರಿ. ಅಂಟಿಸಿದ್ದೇ ಈಗ ಬೀಳ್ತಾ ಇದೆ, ನೋಡಿ, ನೋಡಿ... ಬಿತ್ತು. ಗೋಡೆ ಧೂಳು ಒರೆಸದೆ ಅಂಟಿಸಿದ್ರೆ ಟೇಪ್ ಧೂಳಿಗೆ ಅಂಟುತ್ತೆ, ಗೋಡೆಗಲ್ಲ. ಒರೆಸಿ ಅಂಟಿಸಿದ್ರೆ ಕೀಳುವಾಗ ಬಣ್ಣ ಕಿತ್ಕೊಂಡು ಬರುತ್ತೆ, ಹಾಸ್ಟೆಲ್‌ನೋರ ಹತ್ರ ಮಾತು ಕೇಳ್ಬೇಕು. ಗಾಜಿಗೇ ಫಾಯಿಲ್ ಅಂಟಿಸೋದು ಇನ್ನೊಂದು ಉಪಾಯ, ಆದ್ರೆ ಬಿಸಿಲಿಗೆ ಗಾಜು ಒಂದೇ ಕಡೆ ಕಾದು ಬಿರುಕು ಬಿಡಬಹುದು. ಎಲ್ಲಕ್ಕಿಂತ ಕಿರಿಕಿರಿ ಅಂದ್ರೆ ಫ್ಯಾನ್. ಪಕ್ಕಾ ಮುಚ್ಚಿದೆ ಅಂದ್ಕೊಂಡು ಮಲಗಿದ್ರೆ ಗಾಳಿಗೆ ಪರದೆ ಉಬ್ಬುತ್ತೆ, ಸರಿಯುತ್ತೆ, ಒಂದೊಂದು ಸಲ ಸರಿದಾಗಲೂ ಮುಖಕ್ಕೆ ಬೆಳಕು. ಕೊನೆಗೆ ನಿಲ್ಲೋದು ಯಾವುದು ಅಂದ್ರೆ ಬಟ್ಟೆ ಒಣಗಿಸೋ ಕ್ಲಿಪ್. ಪಕ್ಕದ ಅಂಚುಗಳನ್ನ ಚೌಕಟ್ಟಿನ ಸರಳಿಗೆ ಮೂರು ಕಡೆ ಕಚ್ಚಿಸಿ, ಮೇಲಿನ ಸಂದಿಗೆ ಮಡಿಸಿದ ಟವೆಲ್ ತುರುಕಿ. ಇದರ ಮುಂದೆ ಐ ಮಾಸ್ಕ್ ಎಲ್ಲ ದಂಡ. ಅಲ್ಲ, ತಡೀರಿ, ರೂಮ್‌ಮೇಟ್ ಡೇ ಡ್ಯೂಟಿಲಿದ್ದು ಅವರಿಗೆ ಲೈಟ್ ಬೇಕೇ ಬೇಕು ಅಂದ್ರೆ ಮಾಸ್ಕ್ ಬಿಟ್ರೆ ಗತಿ ಇಲ್ಲ. ಕಣ್ಣುರೆಪ್ಪೆಗೆ ಒತ್ತದೆ ಉಬ್ಬಿರೋಂಥದ್ದು ತಗೊಳ್ಳಿ. ಮಾಸ್ಕ್ ಮೇಲಿನ ಸಿಟ್ಟು ವಾಪಸ್.

ಬರೋ ದಾರಿಯಲ್ಲಿ ಕಪ್ಪು ಕನ್ನಡಕ ಹಾಕ್ಕೊಳ್ಳೋದೂ ಇದೇ ಲೆಕ್ಕ. ಆದ್ರೆ ತೂಕಡಿಸ್ತಾ ಗಾಡಿ ಓಡಿಸ್ಬೇಡಿ, ಕನ್ನಡಕ ಇರಲಿ ಬಿಡಲಿ. ಒಂದೇ ಸಮ 17 ಗಂಟೆ ಎಚ್ಚರ ಇದ್ದೋರ ಕೈ-ಕಣ್ಣು ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರೋರಷ್ಟು ನಿಧಾನ ಆಗಿರುತ್ತೆ.

ಕಾಫಿ ಶಾಟ್. ಕೆಫೀನ್‌ನ ಅರ್ಧಾಯುಷ್ಯ, ಅಂದ್ರೆ ಮೈಯಲ್ಲಿರೋದು ಅರ್ಧಕ್ಕಿಳಿಯೋಕೆ ಬೇಕಾದ ಹೊತ್ತು, ಸುಮಾರು 5 ಗಂಟೆ. ಫಾರ್ಮಕಾಲಜಿ ಪೇಪರ್‌ನಲ್ಲಿ ಅರ್ಧಾಯುಷ್ಯ ಚೆನ್ನಾಗೇ ಬರೀತೀವಿ, ಸ್ವಂತ ಲೋಟಕ್ಕೆ ಮಾತ್ರ ಅನ್ವಯಿಸಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮಲಗೋದಾದ್ರೆ ಕೊನೇ ಕಪ್ ರಾತ್ರಿ ಎರಡಕ್ಕೇ. ನಾಲ್ಕು ಗಂಟೆಗೆ ಕುಡಿದದ್ದರ ಅರ್ಧ, ನೀವು ದಿಂಬಿಗೆ ತಲೆ ಇಟ್ಟಾಗಲೂ ಮೈಯಲ್ಲೇ ಇರುತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಆ ಅರ್ಧಾಯುಷ್ಯ ಹೆಚ್ಚುಕಡಿಮೆ ಇಮ್ಮಡಿ ಆಗುತ್ತೆ, ಇದನ್ನ ಯಾರೂ ಹೇಳಲ್ಲ. ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈ ತಾಪಮಾನ ತೀರಾ ಕೆಳಗಿರೋ ಹೊತ್ತು. ಆಗ ಕಾಫಿ ಬದಲು ಎದ್ದು ಓಡಾಡಿ. ಡೋಸ್ ಲೆಕ್ಕವನ್ನ ಕಾಗದದ ಮೇಲೆ ಮಾಡಿ, ಇನ್ನೊಬ್ಬರಿಗೆ ತೋರಿಸಿ. ಬ್ರೇಕ್‌ನಲ್ಲಿ ಮಲಗೋಕೆ ಅವಕಾಶ ಇದ್ರೆ 20 ನಿಮಿಷ, ಅಷ್ಟೇ. ಮುಕ್ಕಾಲು ಗಂಟೆ ಆದ್ರೆ ಗಾಢ ನಿದ್ದೆಯಿಂದ ಎದ್ದು ಅರ್ಧ ಗಂಟೆ ಮಂಕಾಗಿರ್ತೀರಿ, ಆ ಮಂಕಿನಲ್ಲಿ ಇಂಜೆಕ್ಷನ್ ಲೋಡ್ ಮಾಡೋದು ಬೇಡ.

ಇದು ಹಾಸಿಗೆ. ಖಾಲಿ ಇದೆ, ಬುಕ್ಕಿಲ್ಲ, ಲ್ಯಾಪ್‌ಟಾಪ್ ಇಲ್ಲ, ಬೇಕಂತಲೇ. ಕೇರ್ ಪ್ಲಾನ್ ಹಾಸಿಗೆ ಮೇಲೆ ಕೂತು ಬರೆದ್ರೆ, ಹಾಸಿಗೆ ಅಂದ್ರೆ ಡೆಡ್‌ಲೈನ್ ಅಂತ ಮೈ ಕಲಿತುಬಿಡುತ್ತೆ. ಒಂದು ಇಪ್ಪತ್ತು ನಿಮಿಷ ಆಯ್ತು ಅನ್ನಿಸಿದ್ರೂ ನಿದ್ದೆ ಇಲ್ಲ ಅಂದ್ರೆ ಎದ್ದುಬಿಡಿ. ‘ಅನ್ನಿಸಿದ್ರೆ’ ಅಷ್ಟೇ, ಗಡಿಯಾರ ನೋಡ್ಬೇಡಿ, ಅದನ್ನ ಗೋಡೆ ಕಡೆ ತಿರುಗಿಸಿಡಿ. ಮಂದ ಬೆಳಕಲ್ಲಿ ಕುರ್ಚಿ ಮೇಲೆ ಕೂತು ಬೋರಾಗೋ ಏನಾದ್ರೂ ಮಾಡಿ, ಬಟ್ಟೆ ಮಡಚಿ. ರೆಪ್ಪೆ ಭಾರ ಆದಾಗ ವಾಪಸ್ ಬನ್ನಿ. ಬರೀ ಸುಸ್ತಾದಾಗಲ್ಲ, ರೆಪ್ಪೆ ಭಾರ ಆದಾಗ. ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಹಾಳಾಗುತ್ತೆ, ಬಹಳ ಜನ ಬಿಡೋದು ಅಲ್ಲೇ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಈ ಪದ್ಧತಿ ಹೇಳಿದ್ದು 1972ರಲ್ಲಿ. ನಿದ್ರಾಹೀನತೆಗೆ ಕೊಡೋ, ಯೋಚನೆ ಮತ್ತು ಅಭ್ಯಾಸ ತಿದ್ದೋ ಸಿಬಿಟಿ-ಐ ಚಿಕಿತ್ಸೆಯಲ್ಲಿ ಇವತ್ತಿಗೂ ಇದು ಮುಖ್ಯ ಭಾಗ.

ನಿದ್ದೆಗೆ ಅಂಕ ಕೊಡೋ ವಾಚ್ ಇದ್ರೆ ಬಿಚ್ಚಿಡಿ. ಗಾಢ ನಿದ್ದೆ ಇಷ್ಟೇ ನಿಮಿಷ ಅಂತ ಅದು ಹೇಳೋದು ಕೈಯ ಅಲುಗಾಟ, ನಾಡಿ ನೋಡಿದ ಅಂದಾಜು. ಮೆದುಳಿನ ತರಂಗ ಅದಕ್ಕೆಲ್ಲಿ ಗೊತ್ತು? ಅಂಕ ಕಮ್ಮಿ ಬಂತು ಅಂತ ಮರುದಿನ ಸುಸ್ತು ಬರಿಸ್ಕೊಳ್ಳೋದೊಂದು ಬಾಕಿ ಇತ್ತು. ಇರಲಿ, ಶಾಟ್ ಮುಗೀತಾ ಬಂತು.

ಉಸಿರಾಟ. ಪ್ರಾಕ್ಟಿಕಲ್‌ಗೆ ಎಕ್ಸಾಮಿನರ್ ಮುಂದೆ ನಿಂತಾಗ, ಮೊದಲ ಸಲ ರಕ್ತನಾಳಕ್ಕೆ ಹಾಕೋ ಕ್ಯಾನುಲಾ ಹಿಡಿದಾಗ ‘ದೀರ್ಘವಾಗಿ ಉಸಿರೆಳ್ಕೋ’ ಅಂತ ಎಲ್ಲರೂ ಅಂತಾರೆ. ಅರ್ಧ ತಪ್ಪು ಸಲಹೆ. ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆದ್ರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ತುಟಿ ಜುಮ್ಮೆನ್ನುತ್ತೆ, ಬೆರಳು ಮರಗಟ್ಟುತ್ತೆ, ತಲೆ ಸುತ್ತುತ್ತೆ. ರೋಗಿಯಲ್ಲಿ ಕಂಡ್ರೆ ರೆಸ್ಪಿರೇಟರಿ ಆಲ್ಕಲೋಸಿಸ್ (ಅತಿ ಉಸಿರಾಟದಿಂದ ರಕ್ತ ಕ್ಷಾರೀಯ ಆಗೋದು) ಅಂತ ಥಟ್ಟನೆ ಹೇಳ್ತೀವಿ, ನಮಗಾದ್ರೆ ಹಾರ್ಟ್ ಅಟ್ಯಾಕ್ ಅಂದ್ಕೊಳ್ತೀವಿ. ಸಾಧಾರಣ ಉಸಿರೇ ಸಾಕು: ಮೂಗಿನಿಂದ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು, ಹೀಗೆ ಐದು ನಿಮಿಷ. ಭಯ ಬಂದ ದಿನ ಶುರು ಮಾಡಿದ್ರೆ ಕೈ ಹಿಡಿಯಲ್ಲ, ಏನೂ ಇಲ್ಲದ ದಿನಗಳಲ್ಲೇ ರೂಢಿ ಆಗಿರಬೇಕು.

ಮಾತ್ರೆ ವಿಷಯ ನೇರವಾಗಿ ಹೇಳ್ತೀನಿ. ವಾರ್ಡ್ ಟ್ರಾಲಿಯಿಂದ, ಗೆಳತಿಯ ಸ್ಟ್ರಿಪ್‌ನಿಂದ ನಿದ್ದೆ ಮಾತ್ರೆ ತಗೊಳ್ಳೋದು ಬೇಡ. ಬೆಂಜೋಡಯಜಪೀನ್ ಗುಂಪಿನ ನಿದ್ದೆ ಮಾತ್ರೆ ಮೈಗೆ ಒಗ್ಗಿಹೋಗುತ್ತೆ, ಅದೇ ಡೋಸ್ ಆಮೇಲೆ ಸಾಲಲ್ಲ, ಹಠಾತ್ತನೆ ಬಿಟ್ರೆ ಫಿಟ್ಸ್ ಬರೋ ಸಾಧ್ಯತೆ ಇದೆ. ನೆಗಡಿ ಮಾತ್ರೆಯ ಮಂಪರು ಮರುದಿನದ ಡ್ಯೂಟಿಗೂ ಜೊತೆಗೇ ಬರುತ್ತೆ. ವೈವಾ ನಡುಕಕ್ಕೆ ಎದೆಬಡಿತ ತಗ್ಗಿಸೋ ಪ್ರೊಪ್ರನೊಲಾಲ್ ಅಂತ ಸೀನಿಯರ್ಸ್ ಪಿಸುಗುಡ್ತಾರೆ, ಆಸ್ತಮಾ ಇರೋರಿಗೆ ಅದು ಅಪಾಯ. ವಾರಕ್ಕೆ ಮೂರು ರಾತ್ರಿ ನಿದ್ದೆ ಬಾರದೆ, ಮೂರು ತಿಂಗಳು ಹೀಗೇ ಎಳೆದ್ರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಲ್ಲೀತನಕ ಕಾಯೋದೂ ಬೇಡ. ಆತಂಕ ಅಳೆಯೋ ಜಿಎಡಿ-7 ಪ್ರಶ್ನಾವಳಿಯಲ್ಲಿ 10 ಅಥವಾ ಮೇಲೆ ಬಂದ್ರೆ ವೈದ್ಯರನ್ನ ನೋಡಿ. ಬದುಕೋದು ಬೇಡ ಅನ್ನಿಸಿದ್ರೆ ಅವತ್ತೇ ಹೇಳಿ, ಒಬ್ಬರೇ ಇರಬೇಡಿ. ದಿನಗಟ್ಟಲೆ ಮಲಗದಿದ್ರೂ ದಣಿವೇ ಇಲ್ಲ, ಉತ್ಸಾಹ ಉಕ್ಕುತ್ತಿದೆ ಅಂದ್ರೆ ಅದು ಬೇರೆಯದೇ ಸಮಸ್ಯೆ, ಅದಕ್ಕೂ ತಡಮಾಡೋದು ಬೇಡ.

ಬ್ಯಾಟರಿ ಕೆಂಪಾಗಿದೆ. ಕೊನೇ ನೈಟ್ ಮುಗಿದ ಬೆಳಿಗ್ಗೆ ಏನು ಮಾಡೋದು ಅಂತ ಬೇಗ ಹೇಳಿಬಿಡ್ತೀನಿ: ಸಂಜೆವರೆಗೂ ಮಲಗೇ ಇರಬೇಡಿ. ಒಂದೂವರೆ ತಾಸಿನಿಂದ ಮೂರು ತಾಸು ಮಾತ್ರ ಮಲಗಿ, ಎದ್ದು ಬಿಸಿಲಿಗೆ ಹೋಗಿ, ರಾತ್ರಿ ಮಾಮೂಲಿಗಿಂತ ಸ್ವಲ್ಪ ಬೇಗ ಮಲಗಿ. ಅಲಾರಂ ಕೈಗೆಟುಕದ ಕಡೆ ಇಡಿ, ಮತ್ತೆ ಆ ಕ್ಲಿಪ್...