ಪುಸ್ತಕದ ಹೆಸರುಗಳ ಅಂತ್ಯಾಕ್ಷರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಡಿನ ಅಂತ್ಯಾಕ್ಷರಿ ಯಾರಿಗೆ ಗೊತ್ತಿಲ್ಲ? ಮದುವೆ ಮನೆಯಲ್ಲಿ, ಪ್ರವಾಸದ ಬಸ್ಸಿನಲ್ಲಿ, ಕರೆಂಟು ಹೋದ ರಾತ್ರಿಗಳಲ್ಲಿ ಅದನ್ನು ಆಡದವರು ಕಡಿಮೆ. ನಾನು ಇವತ್ತು ಹೇಳಹೊರಟಿರುವುದು ಅದೇ ಬಳಗದ ಇನ್ನೊಂದು ಆಟದ ಬಗ್ಗೆ. ಇದರಲ್ಲಿ ಹಾಡುವ ಹಾಗಿಲ್ಲ, ಪುಸ್ತಕದ ಹೆಸರು ಹೇಳಬೇಕು. ಒಬ್ಬರು ಒಂದು ಕನ್ನಡ ಪುಸ್ತಕದ ಹೆಸರು ಹೇಳುತ್ತಾರೆ. ಅದರ ಕೊನೆಯ ಅಕ್ಷರ ಹಿಡಿದು ಪಕ್ಕದವರು ಇನ್ನೊಂದು ಪುಸ್ತಕದ ಹೆಸರು ಹೇಳಬೇಕು. ಓದುವ ಹುಚ್ಚಿರುವ ನಾಲ್ಕು ಜನ ಸೇರಿದರೆ ಸಾಕು, ಕಾಗದ ಬೇಡ, ಪೆನ್ನು ಬೇಡ, ರಾತ್ರಿ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ.

ಒಂದು ಸುತ್ತು ಆಡಿಯೇ ತೋರಿಸುತ್ತೇನೆ, ಕೇಳಿ. ಭೈರಪ್ಪನವರ ‘ಗೃಹಭಂಗ’ದಿಂದ ಹೊರಡೋಣ. ಗ ಬಂತು. ಗ ಎಂದರೆ ‘ಗದಾಯುದ್ಧ’, ರನ್ನನದು. ಯುದ್ಧದ ಒತ್ತಕ್ಷರದಲ್ಲಿ ಕೊನೆಗಿರುವುದು ಮಹಾಪ್ರಾಣ ಧ. ಧ ಎಂದರೆ ‘ಧರ್ಮಶ್ರೀ’, ಮತ್ತೆ ಭೈರಪ್ಪನವರು. ಶ್ರೀ ಬಂತಲ್ಲ, ಶ್ರೀ ಎಂದೊಡನೆ ‘ಶ್ರೀ ರಾಮಾಯಣ ದರ್ಶನಂ’. ಅಲ್ಲಿ ಕೊನೆಗೆ ಸೊನ್ನೆ ಇದೆ, ಉಚ್ಚರಿಸಿದರೆ ಮ. ಮ ಎಂದರೆ ‘ಮಂಕುತಿಮ್ಮನ ಕಗ್ಗ’. ಮತ್ತೆ ಗಕ್ಕೇ ಬಂದೆವು.

ಈ ಐದು ಹೆಸರುಗಳಲ್ಲಿ ನಾವು ಎಲ್ಲೆಲ್ಲಿ ಓಡಾಡಿದೆವು ನೋಡಿ. 1970ರ ಕಾದಂಬರಿಯಿಂದ ಒಂದೇ ಹೆಜ್ಜೆಗೆ ಸಾವಿರ ವರ್ಷ ಹಿಂದಕ್ಕೆ, ಕುರುಕ್ಷೇತ್ರದ ಕೊನೆಯ ದಿನಕ್ಕೆ. ಅಲ್ಲಿಂದ ಮತ್ತೆ ನಮ್ಮ ಕಾಲಕ್ಕೆ. ಆಮೇಲೆ ಕುವೆಂಪು ಅವರ 1949ರ ಮಹಾಕಾವ್ಯ, ಅದರ ಬೆನ್ನಿಗೇ ಡಿವಿಜಿಯವರ 1943ರ ಚೌಪದಿಗಳು. ಯಾವ ಸಾಹಿತ್ಯ ಚರಿತ್ರೆಯೂ ಈ ಪುಸ್ತಕಗಳನ್ನು ಈ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಚರಿತ್ರೆ ಬರೆಯುವವರು ಹಳಗನ್ನಡವನ್ನು ಒಂದು ಕಡೆ, ನವೋದಯವನ್ನು ಒಂದು ಕಡೆ, ನವ್ಯವನ್ನು ಇನ್ನೊಂದು ಕಡೆ ಇಡುತ್ತಾರೆ. ಅದು ಅವರ ಕೆಲಸ. ಈ ಆಟದಲ್ಲಿ ರನ್ನ ಭೈರಪ್ಪನವರ ಎರಡು ಕಾದಂಬರಿಗಳ ನಡುವೆ ಬಂದು ಕೂರುತ್ತಾನೆ. ಹಾಗೆ ಕೂತಾಗ, ‘ಗದಾಯುದ್ಧ ಓದಿ ಎಷ್ಟು ವರ್ಷವಾಯಿತು, ಮತ್ತೊಮ್ಮೆ ತೆಗೆಯಬೇಕು’ ಎಂದು ಯಾರಾದರೊಬ್ಬರಿಗೆ ಅನಿಸಿಯೇ ಅನಿಸುತ್ತದೆ. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದು ಇದರಿಂದಲೇ.

ಇನ್ನೊಂದು ಸಾಲು ಹೇಳುತ್ತೇನೆ, ಇದು ನನಗೆ ಅಚ್ಚುಮೆಚ್ಚು. ‘ಪರ್ವ’, ‘ವಡ್ಡಾರಾಧನೆ’, ‘ನೆನಪಿನ ದೋಣಿಯಲ್ಲಿ’. ವಕ್ಕೆ ವ, ನೆಗೆ ನೆ. ಕಾಗುಣಿತ ಸಮೇತ ಕೂಡಿಕೊಂಡಿವೆ. 1979ರ ‘ಪರ್ವ’ಕ್ಕೂ 1980ರಲ್ಲಿ ಬಂದ ಕುವೆಂಪು ಅವರ ಆತ್ಮಕಥೆಗೂ ಮಧ್ಯೆ ಶಿವಕೋಟ್ಯಾಚಾರ್ಯನ ಹತ್ತೊಂಬತ್ತು ಕಥೆಗಳು! ತ್ರಿವೇಣಿಯವರ ‘ಕೀಲುಗೊಂಬೆ’ ಹೇಳಿದರಂತೂ ಬೆ ಅಕ್ಷರಕ್ಕೆ ಬರವೇ ಇಲ್ಲ. ಅವರದೇ ‘ಬೆಕ್ಕಿನ ಕಣ್ಣು’ ಇದೆ, ‘ಬೆಳ್ಳಿಮೋಡ’ ಇದೆ, ಕಾರಂತರ ‘ಬೆಟ್ಟದ ಜೀವ’ ಇದೆ.

ಹೀಗೆ ಕಾಗುಣಿತ ಸಮೇತ ಕೂಡಿಸುವುದು ಕಷ್ಟದ ಆಟ. ಮನೆಮಂದಿಯೆಲ್ಲ ಆಡುವಾಗ ವ್ಯಂಜನ ಸಿಕ್ಕರೆ ಸಾಕು ಎಂದು ಬಿಟ್ಟುಕೊಡುವುದು ವಾಡಿಕೆ. ಗೆ ಬಂದರೆ ಗ ಆದರೂ ಆಯಿತು, ಗಿ ಆದರೂ ಆಯಿತು. ಆದರೂ ‘ಮೈಸೂರ ಮಲ್ಲಿಗೆ’ಗೆ ಯಾರಾದರೂ ಥಟ್ಟನೆ ‘ಗೆಜ್ಜೆಪೂಜೆ’ ಎಂದಾಗ ಸಿಗುವ ಖುಷಿಯೇ ಬೇರೆ.

ಇಷ್ಟಾದ ಮೇಲೆ ಆಟಕ್ಕೆ ಗಂಟು ಬೀಳುವ ಜಾಗಕ್ಕೆ ಬರೋಣ. ಕನ್ನಡದಲ್ಲಿ ಎರಡು ಅಕ್ಷರಗಳಿವೆ: ಣ ಮತ್ತು ಳ. ಪದದ ನಡುವೆ ಬರುತ್ತವೆ, ಕೊನೆಗೆ ಬರುತ್ತವೆ, ಮೊದಲಿಗೆ ಮಾತ್ರ ಬರುವುದಿಲ್ಲ. ಈಗ ನಮ್ಮ ಪುಸ್ತಕಗಳ ಹೆಸರು ನೆನೆಯಿರಿ. ‘ಆದಿಪುರಾಣ’, ‘ಶಾಂತಿಪುರಾಣ’, ‘ಅಜಿತಪುರಾಣ’. ಪಂಪ, ಪೊನ್ನ, ರನ್ನ ಮೂವರೂ ಣಕ್ಕೇ ತಂದು ನಿಲ್ಲಿಸಿದ್ದಾರೆ. ‘ತೊರವೆ ರಾಮಾಯಣ’ ಇದೆ. ರಾವಬಹಾದ್ದೂರರ ‘ಗ್ರಾಮಾಯಣ’ ಇದೆ. ತರಾಸು ಅವರ ಚಿತ್ರದುರ್ಗದ ಕಾದಂಬರಿಗಳಲ್ಲಿ ‘ತಿರುಗುಬಾಣ’, ‘ಕಸ್ತೂರಿ ಕಂಕಣ’. ಭೈರಪ್ಪನವರಲ್ಲಿ ಎಣಿಸಿ: ‘ಗ್ರಹಣ’, ‘ನಿರಾಕರಣ’, ‘ಅನ್ವೇಷಣ’, ‘ಆವರಣ’. ಳದ ಕಡೆ ಬಂದರೆ ಇನ್ನೂ ಕಷ್ಟ, ಯಾಕೆಂದರೆ ನಮ್ಮ ಬಹುವಚನವೆಲ್ಲ ಗಳು. ‘ಮೂಕಜ್ಜಿಯ ಕನಸುಗಳು’, ‘ಇಂಗ್ಲಿಷ್ ಗೀತಗಳು’, ‘ಕಿರಗೂರಿನ ಗಯ್ಯಾಳಿಗಳು’. ಬಹುವಚನವಲ್ಲದ ಮದುಮಗಳು ಕೂಡ ಳುವಿನಲ್ಲೇ ಮುಗಿಯುತ್ತಾಳೆ.

ಜಪಾನಿನಲ್ಲಿ ಶಿರಿತೋರಿ ಎಂಬ ಪದಗಳ ಆಟವಿದೆ, ಅಲ್ಲಿಯೂ ಇದೇ ತೊಡಕು. ಅವರ ಭಾಷೆಯಲ್ಲಿ ಅರ್ಧ ನ್ ಎಂಬ ಅಕ್ಷರದಿಂದ ಪದ ಶುರುವಾಗುವುದಿಲ್ಲ. ಹಾಗಾಗಿ ಆ ಅಕ್ಷರದಲ್ಲಿ ಮುಗಿಯುವ ಪದ ಹೇಳಿದವರು ಸೋತ ಹಾಗೆ. ನಾವು ಆ ನಿಯಮ ತಂದರೆ ಪಂಪನ ಹೆಸರು ಹೇಳಿದವರೂ ಸೋಲಬೇಕು, ಮೂಕಜ್ಜಿಯ ಹೆಸರು ಹೇಳಿದವರೂ ಸೋಲಬೇಕು. ಅದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಹಳಗನ್ನಡ ಓದಿದವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಪುರಾಣ ಎನ್ನದೆ ‘ಆದಿಪುರಾಣಂ’ ಎಂದು ಸೊನ್ನೆ ಕೊಟ್ಟು ಹೇಳಿ, ಮಕಾರವನ್ನು ಪಕ್ಕದವರ ಕೈಗೆ ದಾಟಿಸುತ್ತಾರೆ. ಹಳೆಯ ಕಾವ್ಯಗಳಿಗೆ ಅದು ಸರಿ. ಆದರೆ ‘ಆವರಣಂ’ ಎನ್ನಲಾದೀತೆ?

ನಮ್ಮ ಬಳಗದಲ್ಲಿ ಬೇರೆ ದಾರಿ ಹಿಡಿದೆವು. ಣ ಅಥವಾ ಳ ಬಂದರೆ ವ್ಯಂಜನವನ್ನು ಬಿಟ್ಟು ಅದರೊಳಗಿನ ಸ್ವರವನ್ನು ಎತ್ತಿಕೊಳ್ಳುವುದು. ಣ ಬಂದರೆ ಅ. ಳು ಬಂದರೆ ಉ. ಇದರಿಂದ ಆದ ಉಪಕಾರ ಸಣ್ಣದಲ್ಲ. ಯೋಚಿಸಿ ನೋಡಿ: ಕನ್ನಡದ ಹೆಸರುಗಳು ಕೊನೆಯಾಗುವುದು ವ್ಯಂಜನದ ಮೇಲೆ ಸ್ವರ ಕೂತ ಅಕ್ಷರದಲ್ಲಿ. ಬರಿಯ ಅ, ಆ, ಇ, ಈ ಕೊನೆಗೆ ಬರುವುದಿಲ್ಲ. ಅಂದ ಮೇಲೆ ಸ್ವರದಿಂದ ಶುರುವಾಗುವ ಪುಸ್ತಕಗಳಿಗೆ ಆಟದ ನಡುವೆ ಜಾಗವೇ ಇಲ್ಲ! ‘ಅಳಿದ ಮೇಲೆ’, ‘ಇಂದಿರಾಬಾಯಿ’, ‘ಒಡಲಾಳ’, ‘ಔದಾರ್ಯದ ಉರುಳಲ್ಲಿ’, ಇವೆಲ್ಲ ಮೊದಲ ಹೆಸರಾಗಿ ಬಂದರೆ ಬಂದವು, ಇಲ್ಲದಿದ್ದರೆ ಹೊರಗೇ ನಿಂತವು. ದಾರಿ ಮುಚ್ಚುತ್ತಿದ್ದ ಎರಡು ಅಕ್ಷರಗಳೇ ಈಗ ಇಂಥವುಗಳಲ್ಲಿ ಕೆಲವನ್ನು ಒಳಗೆ ಕರೆತಂದವು.

ಬೇಂದ್ರೆಯವರ ಪುಸ್ತಕಗಳನ್ನೇ ತೆಗೆದುಕೊಳ್ಳಿ. ‘ಗಂಗಾವತರಣ’, ಣದಿಂದ ಅ. ‘ಅರಳು ಮರಳು’, 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಸಂಕಲನ. ಳುವಿನಿಂದ ಉ. ‘ಉಯ್ಯಾಲೆ’. ಮೂರೂ ಬೇಂದ್ರೆ! ಮೊದಲ ಸಲ ಇದು ಹೊಳೆದಾಗ ಆಟ ನಿಲ್ಲಿಸಿ ಮೂರು ಹೆಸರನ್ನೂ ಮತ್ತೆ ಮತ್ತೆ ಹೇಳಿಕೊಂಡೆವು. ಮದುಮಗಳಿಗೂ ಹಾಗೆಯೇ ದಾರಿಯಾಯಿತು. ‘ಮಲೆಗಳಲ್ಲಿ ಮದುಮಗಳು’ ಆದ ಮೇಲೆ ಉ, ಡಿವಿಜಿಯವರ ‘ಉಮರನ ಒಸಗೆ’, ಅಲ್ಲಿಂದ ಗೆ.

ಣಕಾರದ ಮಾತು ಬಂದದ್ದರಿಂದ ಇನ್ನೊಂದು ಹೆಸರು ಹೇಳಬೇಕು. ಶಾಂತಿನಾಥ ದೇಸಾಯಿಯವರ ಕೊನೆಯ ಕಾದಂಬರಿ ‘ಓಂ ಣಮೋ’. ಜೈನರ ಪ್ರಾಕೃತ ಮಂತ್ರದ ಮಾತು ಅದು, ಹಾಗಾಗಿ ಅಲ್ಲಿ ಣ ಪದದ ಮೊದಲಿಗೇ ನಿಂತಿದೆ. ಆದರೆ ಮುಂದೆ ಓಂ ಇದೆಯಲ್ಲ, ಆಟಕ್ಕೆ ಒದಗುವುದಿಲ್ಲ.

ಎರಡೆರಡು ಹೆಸರಿರುವ ಪುಸ್ತಕಗಳದು ಬೇರೆಯೇ ಕಥೆ. ‘ವಿಕ್ರಮಾರ್ಜುನ ವಿಜಯ’ ಎಂದರೆ ಯ ಬರುತ್ತದೆ, ಅದನ್ನೇ ‘ಪಂಪಭಾರತ’ ಎಂದರೆ ತ. ಯ ಬಂದವರು ‘ಯಯಾತಿ’ ಎಂದೋ ‘ಯಶೋಧರ ಚರಿತೆ’ ಎಂದೋ ಪಾರಾಗಬಹುದು. ತ ಬಂದರೆ ‘ತುಘಲಕ್’ ಇದೆ, ‘ತಬ್ಬಲಿಯು ನೀನಾದೆ ಮಗನೆ’ ಇದೆ. ಕುಮಾರವ್ಯಾಸನಂತೂ ಗಕ್ಕೂ ಆಗುತ್ತಾನೆ, ಕಕ್ಕೂ ಆಗುತ್ತಾನೆ: ‘ಗದುಗಿನ ಭಾರತ’ ಎನ್ನಿ, ‘ಕರ್ಣಾಟ ಭಾರತ ಕಥಾಮಂಜರಿ’ ಎನ್ನಿ. ಎರಡೂ ಹೆಸರು ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಜನ ಪ್ರೀತಿಯಿಂದ ಕರೆದು ಕರೆದು ನಿಂತ ಹೆಸರು ಕವಿ ಇಟ್ಟ ಹೆಸರಿಗಿಂತ ಕಡಿಮೆಯದಲ್ಲ.

ಆದರೆ ಒಂದು ನಿಯಮವನ್ನು ಮಾತ್ರ ಸಡಿಲಿಸಬಾರದು. ಹೆಸರು ಹೇಳಿದವರು ಆ ಪುಸ್ತಕವನ್ನು ಓದಿರಬೇಕು. ಓದಿದ್ದಕ್ಕೆ ಗುರುತಾಗಿ ಪುಸ್ತಕದ ಒಳಗಿನ ಒಂದು ಸಂಗತಿ ಹೇಳಬೇಕು. ಒಂದು ಪಾತ್ರ, ಒಂದು ಸಂದರ್ಭ, ಒಂದು ಸಾಲು, ಏನಾದರೂ ಸರಿ. ಈ ನಿಯಮ ಇಲ್ಲದಿದ್ದರೆ ಫೋನು ನೋಡಿ ಯಾರು ಬೇಕಾದರೂ ಪಟ್ಟಿ ಒಪ್ಪಿಸಬಹುದು. ನಿಯಮ ಇದ್ದಾಗ ಏನಾಗುತ್ತದೆ ಎಂಬುದಕ್ಕೆ, ರೈಲಿನಲ್ಲಿ ಆಡಿದ ಒಂದು ರಾತ್ರಿಯ ಆಟ ಹೇಳುತ್ತೇನೆ.

ಮೈಸೂರಿನಿಂದ ಧಾರವಾಡದ ಕಡೆಗೆ ಹೊರಟಿದ್ದೆವು. ನಮ್ಮ ಆಟ ಕೇಳಿ ಎದುರಿನ ಸೀಟಿನ ನಿವೃತ್ತ ಮೇಡಂ ಒಬ್ಬರು ಸೇರಿಕೊಂಡರು. ಮೇಲಿನ ಬರ್ತಿನಲ್ಲಿ ಮಲಗಿದ್ದ ಪಿಯುಸಿ ಓದುವ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು. ಯಾರೋ ‘ಬೆಳ್ಳಿಮೋಡ’ ಎಂದರು. ಡ ಬಂತು. ಡ ಅಕ್ಷರಕ್ಕೆ ಪುಸ್ತಕ ಸಿಗುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು. ತಲೆದಂಡವೂ ಅಲ್ಲಿಗೇ ತಂದು ನಿಲ್ಲಿಸುತ್ತದೆ, ಚೋಮನ ದುಡಿಯೂ ಅಲ್ಲಿಗೇ. ಎಲ್ಲರೂ ಕಣ್ಣು ಮುಚ್ಚಿ ಕೂತರು. ರೈಲು ಒಂದು ಸ್ಟೇಷನ್ನಿನಲ್ಲಿ ನಿಂತು ಹೊರಟರೂ ಯಾರ ಬಾಯಿಂದಲೂ ಹೆಸರು ಬರಲಿಲ್ಲ. ಆಗ ಮೇಲಿನಿಂದ ಆ ಹುಡುಗಿ ತಲೆ ಹೊರಗೆ ಚಾಚಿ, ‘ಡೇರ್ ಡೆವಿಲ್ ಮುಸ್ತಫಾ!’ ಎಂದಳು.

ಅದು ಪುಸ್ತಕವಲ್ಲ, ಕಥೆ ಎಂದು ಒಬ್ಬರು ತಕರಾರು ತೆಗೆದರು. ‘ಅಬಚೂರಿನ ಪೋಸ್ಟಾಫೀಸು ಸಂಕಲನದಲ್ಲಿದೆ. ಸಿನಿಮಾ ನೋಡಿದ ಮೇಲೆ ಕಥೆ ಓದಬೇಕು ಅನಿಸಿ ಪುಸ್ತಕ ತಂದೆ. ಅದೇ ಪುಸ್ತಕದಲ್ಲಿ ತಬರನ ಕತೆಯೂ ಇದೆ, ಅದನ್ನು ಓದಿದ ಮೇಲೆ ಎರಡು ದಿನ ಬೇರೇನೂ ಓದೋಕೆ ಆಗಲಿಲ್ಲ’ ಎಂದಳು ಹುಡುಗಿ. ತಕರಾರು ಅಲ್ಲಿಗೆ ಮುಗಿಯಿತು. ಕಥೆಯ ಹೆಸರು ನಡೆಯುತ್ತದೆ, ಯಾವ ಸಂಕಲನದ್ದೆಂದು ಹೇಳಿದರೆ ಸಾಕು ಎಂದು ನಿಯಮಕ್ಕೆ ಸೇರಿಸಿಕೊಂಡೆವು.

ಮುಸ್ತಫಾ ಆದ ಮೇಲೆ ಮುಂದಿನವರಿಗೆ ಫ. ಸರದಿ ಮೇಡಂ ಅವರದು. ಅವರು ಒಂದು ಕ್ಷಣವೂ ತಡಮಾಡಲಿಲ್ಲ. ‘ಫಣಿಯಮ್ಮ’ ಎಂದರು.

ನೋಡಿ, ಎಂ. ಕೆ. ಇಂದಿರಾ ಅವರ ಈ ಕಾದಂಬರಿ ಅಷ್ಟು ವರ್ಷ ನಮ್ಮ ಆಟದಲ್ಲಿ ಬಂದೇ ಇರಲಿಲ್ಲ. ಫ ಅಕ್ಷರದಲ್ಲಿ ಮುಗಿಯುವ ಹೆಸರು ಬಂದರಲ್ಲವೇ ಅದು ಬರುವುದು? ತೇಜಸ್ವಿಯವರ ಒಂದು ಕಥೆ ಡ ಅಕ್ಷರದ ಬಾಗಿಲನ್ನೂ ತೆರೆದು, ಫಣಿಯಮ್ಮನನ್ನೂ ಒಳಗೆ ಕರೆಯಿತು. ನಿಯಮದ ಪ್ರಕಾರ ಮೇಡಂ ಒಂದು ಸಂಗತಿ ಹೇಳಬೇಕಿತ್ತು. ನಿಜವಾಗಿ ಬದುಕಿದ್ದ ಹೆಂಗಸಿನ ಕಥೆ ಅದು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಆಯುಷ್ಯ ಸವೆಸಿದವಳು. ಅಂಥವಳು ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯೊಬ್ಬಳ ಪರವಾಗಿ ನಿಲ್ಲುತ್ತಾಳೆ. ಮೇಡಂ ಇಷ್ಟು ಹೇಳಿ, ‘ನಮ್ಮ ಮನೆಯಲ್ಲೂ ಕೆಂಪು ಸೀರೆ ಉಟ್ಟ ಒಬ್ಬ ಅಜ್ಜಿ ಇದ್ದರು’ ಎಂದು ಅವರ ವಿಷಯ ಶುರುಮಾಡಿದರು. ಆ ಹುಡುಗಿ ಬರ್ತಿನಿಂದ ಇಳಿದು ಬಂದು ಅವರ ಪಕ್ಕ ಕೂತಳು. ಅಜ್ಜಿ ಹೇಗೆ ಊಟ ಮಾಡುತ್ತಿದ್ದರು, ಎಷ್ಟು ಹೊತ್ತಿಗೆ ಏಳುತ್ತಿದ್ದರು, ಯಾಕೆ ಕೆಂಪು ಸೀರೆ ಎಂದು ಅವಳು ಕೇಳುತ್ತಾ ಹೋದಳು, ಮೇಡಂ ಹೇಳುತ್ತಾ ಹೋದರು. ಆಟ ಅಲ್ಲಿಗೇ ನಿಂತಿತು, ಮುಂದುವರಿಸೋಣ ಎಂದು ಯಾರೂ ಅನ್ನಲಿಲ್ಲ. ಬೆಳಿಗ್ಗೆ ಇಳಿಯುವಾಗ ಹುಡುಗಿ ತನ್ನ ಕೈ ಮೇಲೆ ಬಾಲ್‌ಪೆನ್ನಿನಲ್ಲಿ ‘ಫಣಿಯಮ್ಮ’ ಎಂದು ಬರೆದುಕೊಂಡಿದ್ದಳು.

ಒಂದು ಕಾಲಕ್ಕೆ ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಆಮೇಲೆ ಬೀದಿಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಬಂತು; ನಮ್ಮ ತಾಯಂದಿರು ತ್ರಿವೇಣಿಯವರನ್ನು, ಅನಕೃ ಅವರನ್ನು ಓದಿದ್ದು ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು. ಅಂಥ ಲೈಬ್ರರಿಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಆದರೆ ಅವುಗಳಲ್ಲಿ ಓದಿದ ಹೆಂಗಸರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಒಮ್ಮೆ ಈ ಆಟಕ್ಕೆ ಕೂರಿಸಿ ನೋಡಿ. ‘ನನಗೇನು ನೆನಪಿದೆ’ ಎನ್ನುತ್ತಲೇ ಶುರುಮಾಡುತ್ತಾರೆ. ಎರಡನೇ ಸುತ್ತಿಗೆ ‘ಹಣ್ಣೆಲೆ ಚಿಗುರಿದಾಗ’, ‘ಸಂಧ್ಯಾರಾಗ’, ‘ದೂರದ ಬೆಟ್ಟ’ ಎಂದು ಒಂದರ ಹಿಂದೊಂದು ಬರತೊಡಗುತ್ತವೆ, ಜೊತೆಗೆ ಯಾವ ಪುಸ್ತಕವನ್ನು ಯಾರಿಂದ ಕಡ ತಂದದ್ದು, ಯಾವುದನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು ಓದಿದ್ದು ಎಂಬುದೂ.

ಮಕ್ಕಳ ಜೊತೆ ಆಡುವುದಾದರೆ ಹಳಗನ್ನಡಕ್ಕೆ ಅವಸರ ಬೇಡ. ಅವರು ಓದಿದ ಕಥೆಯ ಹೆಸರುಗಳಿಗೂ, ಅನುವಾದವಾಗಿ ಬಂದ ಪುಸ್ತಕಗಳಿಗೂ ಜಾಗ ಕೊಡಿ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಿಂದ ಹೊರಡಿ, ಗಿ ಸಿಗುತ್ತದೆ, ‘ಗಿರಿಜಾ ಕಲ್ಯಾಣ’ ಹಿರಿಯರ ಪಾಲಿಗಿರಲಿ. ಹರಿಹರ ಯಾರು ಎಂದು ಮಕ್ಕಳು ಕೇಳುತ್ತಾರೆ, ಆಗ ಹೇಳಿದರಾಯಿತು. ಣ ಬಂತು, ಅ ಎತ್ತಿಕೊಳ್ಳಿ. ‘ಅಣ್ಣನ ನೆನಪು’ ಮನೆಯ ಕಪಾಟಿನಲ್ಲಿ ಇದ್ದರೆ ಇಳಿಸಿ ಕೈಗೆ ಕೊಟ್ಟುಬಿಡಿ.

ನಿಮಗಾಗಿ ಒಂದು ಹೆಸರು ಹೇಳಿ ನನ್ನ ಸರದಿ ಮುಗಿಸುತ್ತೇನೆ: ‘ಕವಿರಾಜಮಾರ್ಗ’. ಕೊನೆಗೆ ಗ. ಇವತ್ತು ಗ ಅಕ್ಷರಕ್ಕೆ ನಾನು ಹೇಳಿದ ಹೆಸರುಗಳನ್ನೆಲ್ಲ ಬಿಟ್ಟು, ನೀವು ಓದಿರುವ ಬೇರೊಂದನ್ನು ಹುಡುಕಿ, ಪಕ್ಕದಲ್ಲಿ ಕೂತವರಿಗೆ ಹೇಳಿ.

ನಮಸ್ಕಾರ.