ಎರಡು ಬಂಧಗಳಲ್ಲಿ ಒಂದನ್ನು ಆರಿಸುವ ಲೋಹ

ಕೇಳುಗರಿಗೆ ನಮಸ್ಕಾರ.

ಶ್ರೀನಿವಾಸಪುರದ ಮಂಡಿಗಳಲ್ಲಿ ಮಾಗಿದ ಬಾದಾಮಿ ಮಾವಿನ ಪರಿಮಳದಲ್ಲಿ ಲ್ಯಾಕ್ಟೋನ್ ಎಂಬ ಸಂಯುಕ್ತಗಳ ಪಾಲೂ ಇದೆ. ಹಾಲಿಗೆ ಹೆಸರಾದ ನಮ್ಮ ಕೋಲಾರ ಜಿಲ್ಲೆಯ ಮನೆಗಳಲ್ಲಿ ಬೆಣ್ಣೆ ಕಾಯಿಸುವಾಗ ಏಳುವ ಕಂಪಿಗೂ ಡೆಲ್ಟಾ-ಡೆಕಾಲ್ಯಾಕ್ಟೋನ್ ಒಂದು ಕಾರಣ. ಸುಗಂಧದ ಉದ್ಯಮ ಇದೇ ವಸ್ತುವನ್ನು ಪೆಂಟೈಲ್‌ಸೈಕ್ಲೋಪೆಂಟನೋನ್ ಎಂಬ ಕೀಟೋನಿನ, ಅಂದರೆ ಎರಡು ಇಂಗಾಲಗಳ ನಡುವಿನ ಇಂಗಾಲವೊಂದು ಆಮ್ಲಜನಕವನ್ನು ಹೊತ್ತಿರುವ ಅಣುವಿನ, ಉತ್ಕರ್ಷಣೆಯಿಂದ ತಯಾರಿಸುತ್ತದೆ. ಆದರೆ ಹಾಗೆ ತಯಾರಾದದ್ದು ಎರಡು ರೂಪಗಳ ಬೆರಕೆ: ಎಡಗೈ ಮತ್ತು ಬಲಗೈಗಳ ಹಾಗೆ ಒಂದು ಇನ್ನೊಂದರ ಕನ್ನಡಿಬಿಂಬ, ಒಂದರ ಮೇಲೊಂದನ್ನು ಇಟ್ಟರೆ ಹೊಂದುವುದಿಲ್ಲ. ಇಂಥ ಗುಣವುಳ್ಳ ಅಣುಗಳನ್ನು ಕೈರಲ್ ಅಣುಗಳೆಂದು ಕರೆಯುತ್ತಾರೆ. ಕೀಟೋನಿನಿಂದ ಬೇಕಾದ ಒಂದೇ ರೂಪದ ಲ್ಯಾಕ್ಟೋನನ್ನು ಪಡೆಯಲು ಲೋಹದ ಕ್ರಿಯಾವರ್ಧಕಗಳನ್ನು ರೂಪಿಸಿದ ಬಗೆಯನ್ನು ಈ ಹೊತ್ತು ವಿವರಿಸುತ್ತೇನೆ.

1899ರಲ್ಲಿ ಮ್ಯೂನಿಕ್ ನಗರದ ಅಡಾಲ್ಫ್ ಫಾನ್ ಬೇಯರ್ ಮತ್ತು ವಿಕ್ಟರ್ ವಿಲ್ಲಿಗರ್ ಅವರು ಕರ್ಪೂರ, ಮೆಂಥೋನ್ ಮೊದಲಾದ ಕೀಟೋನ್‌ಗಳನ್ನು ಆಮ್ಲಜನಕ-ಆಮ್ಲಜನಕ ಬಂಧವುಳ್ಳ ಪೆರಾಕ್ಸೈಡ್ ಬಗೆಯ ಕ್ಯಾರೋ ಆಮ್ಲದೊಂದಿಗೆ ವರ್ತಿಸುವಂತೆ ಮಾಡಿ ಲ್ಯಾಕ್ಟೋನ್‌ಗಳನ್ನು ಪಡೆದರು. ಇಂಗಾಲಗಳ ಉಂಗುರದೊಳಕ್ಕೆ ಒಂದು ಆಮ್ಲಜನಕ ಪರಮಾಣು ಸೇರಿ, ಉಂಗುರ ಒಂದು ಪರಮಾಣುವಿನಷ್ಟು ದೊಡ್ಡದಾಗಿತ್ತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಕ್ರಿಯೆಯನ್ನು ಒಂದು ಸಾಲಿನ ಸಮೀಕರಣವಾಗಿ ಬರೆದು ಮುಂದಿನ ಪಾಠಕ್ಕೆ ಹೋಗುವುದುಂಟು. ಆ ಬಾಣದ ಗುರುತಿನ ಕೆಳಗೆ ಎರಡು ಹಂತಗಳು ಅಡಗಿವೆ. ಮೊದಲ ಹಂತದಲ್ಲಿ ಪೆರಾಕ್ಸೈಡು ಕೀಟೋನಿನ ಇಂಗಾಲಕ್ಕೆ ಬಂದು ಕೂಡಿಕೊಂಡು ಒಂದು ಮಧ್ಯಂತರ ಅಣುವಾಗುತ್ತದೆ; ಇದನ್ನು 1948ರಲ್ಲಿ ವಿವರಿಸಿದ ರುಡಾಲ್ಫ್ ಕ್ರೀಗೆ ಅವರ ಹೆಸರಿನಿಂದಲೇ ಇದು ಪರಿಚಿತ. ಎರಡನೆಯ ಹಂತದಲ್ಲಿ ಆಮ್ಲಜನಕ-ಆಮ್ಲಜನಕ ಬಂಧ ಮುರಿಯುತ್ತಿರುವಾಗಲೇ ಪಕ್ಕದ ಒಂದು ಇಂಗಾಲವು ತನ್ನ ಬಂಧದ ಸಮೇತ ಆಮ್ಲಜನಕಕ್ಕೆ ಸರಿಯುತ್ತದೆ. 1953ರಲ್ಲಿ ಡೋರಿಂಗ್ ಮತ್ತು ಡಾರ್ಫ್‌ಮನ್ ಅವರು ಭಾರವಾದ ಆಮ್ಲಜನಕ-18 ಐಸೋಟೋಪನ್ನು ಗುರುತಾಗಿ ಬಳಸಿ ಈ ದಾರಿಯೇ ಸರಿಯೆಂದು ತೋರಿಸಿದರು.

ಈಗ ನಾಲ್ಕು ಇಂಗಾಲಗಳ ಉಂಗುರವುಳ್ಳ, ಕೀಟೋನಿಗೆ ಎದುರಿನ ಮೂಲೆಯಲ್ಲಿ ಫಿನೈಲ್ ಎಂಬ ಬೆಂಜೀನ್ ಉಂಗುರದ ಗುಂಪನ್ನು ಹೊತ್ತ ಒಂದು ಸೈಕ್ಲೋಬ್ಯೂಟನೋನನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅಣು ಸಮಮಿತಿಯುಳ್ಳದ್ದು. ಕೀಟೋನಿನ ಇಂಗಾಲದ ಎಡಕ್ಕೊಂದು, ಬಲಕ್ಕೊಂದು ಬಂಧವಿದೆ. ಎಡಬಂಧ ಸರಿದರೆ ಒಂದು ರೂಪದ ಲ್ಯಾಕ್ಟೋನ್, ಬಲಬಂಧ ಸರಿದರೆ ಅದರ ಕನ್ನಡಿಬಿಂಬ. ಎರಡೂ ಬಂಧಗಳ ಬಲ ಒಂದೇ, ಸರಿಯುವ ಒಲವೂ ಒಂದೇ ಆದುದರಿಂದ ಸಾಧಾರಣ ಪೆರಾಸಿಡ್, ಅಂದರೆ ಪೆರಾಕ್ಸೈಡ್ ಬಂಧವುಳ್ಳ ಆಮ್ಲ, ಬಳಸಿದರೆ ಎರಡೂ ರೂಪಗಳು ಸರಿಸಮವಾಗಿ ಬರುತ್ತವೆ. ಮುರಿಯಲಿರುವ ಆಮ್ಲಜನಕದ ಬಂಧಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ಸಾಲುಗೂಡಿರುವ ಬಂಧ ಮಾತ್ರ ಸರಿಯಬಲ್ಲದು. ಆದರೆ ಮಧ್ಯಂತರ ಅಣುವಿನಲ್ಲಿ ಪೆರಾಕ್ಸೈಡಿನ ತುಂಡು ಸುಲಭವಾಗಿ ತಿರುಗುತ್ತದೆ, ಯಾವ ಬಂಧದ ಎದುರಿಗಾದರೂ ಬಂದು ನಿಲ್ಲುತ್ತದೆ. ಆದ್ದರಿಂದ ಕೀಟೋನಿನ ಯಾವ ಮುಖದಿಂದ ಪೆರಾಕ್ಸೈಡು ಬರಬೇಕೆಂದು ನಿರ್ಧರಿಸಿದರಷ್ಟೇ ಸಾಲದು. ಬಂದು ಕೂಡಿದ ಮೇಲೂ ಅದನ್ನು ತಿರುಗಗೊಡದೆ ಹಿಡಿದು ನಿಲ್ಲಿಸಬೇಕು. ಈ ಕ್ರಿಯೆಯ ಇಡೀ ಕಷ್ಟ ಇರುವುದು ಇಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೋಹದ ಮೊದಲ ಯಶಸ್ಸುಗಳು 1994ರಲ್ಲಿ ಬಂದವು. ಜರ್ಮನಿಯ ಕಾರ್ಸ್ಟನ್ ಬೋಲ್ಮ್ ಅವರ ತಂಡ ಲೋಹಕ್ಕೆ ಅಂಟಿಕೊಳ್ಳುವ ಕೈರಲ್ ಅಣುವನ್ನು, ಅಂದರೆ ಕೈರಲ್ ಲಿಗ್ಯಾಂಡನ್ನು, ಕಟ್ಟಿದ ತಾಮ್ರವನ್ನೂ, ಇಟಲಿಯ ಜಾರ್ಜಿಯೊ ಸ್ಟ್ರುಕುಲ್ ಅವರ ತಂಡ ಪ್ಲಾಟಿನಂ ಲೋಹವನ್ನೂ ಬಳಸಿದವು. ತಾಮ್ರದ ವಿಧಾನದಲ್ಲಿ ಉತ್ಕರ್ಷಕ ಆಮ್ಲಜನಕವೇ ಆದರೂ ಜೊತೆಗೊಂದು ಆಲ್ಡಿಹೈಡ್ ಬೇಕು, ಅದು ಕೊನೆಗೆ ಆಮ್ಲವಾಗಿ ಉಳಿದುಬಿಡುತ್ತದೆ. ಪ್ಲಾಟಿನಂ ದುಬಾರಿಯಾದರೂ ಹೈಡ್ರೋಜನ್ ಪೆರಾಕ್ಸೈಡನ್ನು ನೇರವಾಗಿ ಬಳಸಿಕೊಂಡು ನೀರನ್ನಷ್ಟೇ ಉಳಿಸುತ್ತದೆ. ಬೋಲ್ಮ್ ಅವರು ಎರಡೂ ರೂಪಗಳು ಬೆರೆತ ಫಿನೈಲ್‌ಸೈಕ್ಲೋಹೆಕ್ಸನೋನನ್ನು ತೆಗೆದುಕೊಂಡು, ಒಂದು ರೂಪ ಬೇಗ ಉತ್ಕರ್ಷಣೆಗೊಂಡು ಇನ್ನೊಂದು ಹಿಂದುಳಿಯುವಂತೆ ಮಾಡಿದ್ದರು. ಈ ದಾರಿಯಲ್ಲಿ ಬೇಕಾದ ಲ್ಯಾಕ್ಟೋನ್ ಹೆಚ್ಚೆಂದರೆ 50% ಮಾತ್ರ ಸಿಗುತ್ತದೆ. ಸಮಮಿತಿಯುಳ್ಳ ಕೀಟೋನಿನಲ್ಲಿ ಅಂಥ ಮಿತಿಯಿಲ್ಲದ ಕಾರಣ ನಾನು ಅದನ್ನೇ ಮೇಲೆಂದು ಎಣಿಸುತ್ತೇನೆ.

ಆ ದಿಕ್ಕಿನಲ್ಲಿ ಜಪಾನಿನ ತ್ಸುತೊಮು ಕಾತ್ಸುಕಿ ಅವರ ಯೋಚನೆ ಬಹಳ ಸೊಗಸಾದದ್ದು. ಸ್ಯಾಲೆನ್ ಎಂಬ ಲಿಗ್ಯಾಂಡ್ ಸಾಮಾನ್ಯವಾಗಿ ಲೋಹದ ಸುತ್ತ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಅದನ್ನು ಬಾಗಿಸಿದರೆ ಲೋಹದ ಮೇಲೆ ಅಕ್ಕಪಕ್ಕದ ಎರಡು ಸ್ಥಾನಗಳು ತೆರವಾಗುತ್ತವೆ, ಆಗ ಕ್ರೀಗೆ ಮಧ್ಯಂತರ ಅಣುವನ್ನು ಎರಡು ಕಡೆಯಿಂದ ಹಿಡಿದಿಡಬಹುದು. 2000ದ ನಂತರದ ಮೊದಲ ವರ್ಷಗಳಲ್ಲಿ ಅವರು ಇಂಥ ಕೋಬಾಲ್ಟ್ ಮತ್ತು ಜಿರ್ಕೋನಿಯಂ ಸಂಕೀರ್ಣಗಳಿಂದ ಸೈಕ್ಲೋಬ್ಯೂಟನೋನಿನಲ್ಲಿ ಒಂದು ರೂಪವೇ ಹೇರಳವಾಗಿ ಬರುವಂತೆ ಮಾಡಿದರು.

ಪ್ರಕೃತಿ ಇದೇ ಕೆಲಸವನ್ನು ಲೋಹವಿಲ್ಲದೆ ಮಾಡುತ್ತದೆ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ 1976ರಲ್ಲಿ ವರ್ಣಿಸಲಾದ ಕಿಣ್ವವೊಂದು ಫ್ಲೇವಿನ್ ಅಣುವಿನ ನೆರವಿನಿಂದ ಗಾಳಿಯ ಆಮ್ಲಜನಕವನ್ನೇ ಬಳಸಿ ಸೈಕ್ಲೋಹೆಕ್ಸನೋನನ್ನು ಲ್ಯಾಕ್ಟೋನ್ ಮಾಡುತ್ತದೆ. ಕಿಣ್ವದ ಆಯ್ಕೆ ಅನೇಕ ಸಲ ಲೋಹಕ್ಕಿಂತ ಖಚಿತ. ಆದರೆ ಬೇಕಾದದ್ದು ಎದುರು ರೂಪವಾದರೆ ಬೇರೆ ಕಿಣ್ವವನ್ನು ಹುಡುಕಬೇಕು ಅಥವಾ ಇದ್ದದ್ದನ್ನೇ ಮಾರ್ಪಡಿಸಬೇಕು, ಲೋಹದಲ್ಲಿ ಲಿಗ್ಯಾಂಡಿನ ಕನ್ನಡಿಬಿಂಬವನ್ನು ಕಟ್ಟಿದರೆ ಸಾಕು.

2012ರಲ್ಲಿ ಚೀನಾದ ಫೆಂಗ್ ಶಿಯಾವೊಮಿಂಗ್ ಅವರ ತಂಡ ಸ್ಕ್ಯಾಂಡಿಯಂ ಲೋಹದಿಂದ ಸೈಕ್ಲೋಬ್ಯೂಟನೋನ್‌ಗಳಲ್ಲಿಯೂ, ಹೆಚ್ಚು ಕಷ್ಟದ ಸೈಕ್ಲೋಹೆಕ್ಸನೋನ್‌ಗಳಲ್ಲಿಯೂ ಬಹಳ ಉತ್ತಮ ಆಯ್ಕೆಯನ್ನು ಸಾಧಿಸಿತು. ಇದರ ಉತ್ಕರ್ಷಕ ಮೆಟಾ-ಕ್ಲೋರೋಪರ್‌ಬೆಂಜೋಯಿಕ್ ಆಮ್ಲ. ಇದು ಲೋಹವಿಲ್ಲದೆಯೂ ಕೀಟೋನಿನ ಮೇಲೆ ಬೀಳುವಷ್ಟು ಚುರುಕಾದದ್ದು. ಹಾಗೆ ಬಿದ್ದಷ್ಟು ಪಾಲಿನಲ್ಲಿ ಆಯ್ಕೆ ಎಂಬುದೇ ಇರುವುದಿಲ್ಲ, ಆದ್ದರಿಂದ ಲೋಹದ ದಾರಿ ಅದಕ್ಕಿಂತ ಬಹಳ ವೇಗವಾಗಿರಬೇಕು. ಆ ಸ್ಪರ್ಧೆಯನ್ನು ಗೆದ್ದದ್ದೇ ಈ ಕೆಲಸದ ಹಿರಿಮೆ. ಆದರೂ ಈ ಆಮ್ಲದ ತೂಕದಲ್ಲಿ ನಿಜವಾಗಿ ಕೀಟೋನಿಗೆ ಹೋಗುವ ಆಮ್ಲಜನಕ ಸುಮಾರು 9% ಮಾತ್ರ, ಉಳಿದದ್ದು ವಿಲೇವಾರಿ ಮಾಡಬೇಕಾದ ಕ್ಲೋರೋಬೆಂಜೋಯಿಕ್ ಆಮ್ಲ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಆ ಪಾಲು ಸುಮಾರು 47%. ಆದ್ದರಿಂದ ಅಗ್ಗದ ಲೋಹ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಗಿತವಿಲ್ಲದ ಆರು ಇಂಗಾಲಗಳ ಉಂಗುರ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವುದು ಸಂಶೋಧನೆಗೆ ಹೊರಟಿರುವ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ತಕ್ಕ ಗುರಿಯೆಂದು ನಾನು ನಂಬಿದ್ದೇನೆ. ನಮಸ್ಕಾರ.